ಸೋರ್ಸ್‌ನಿಂದ ಕಟ್ಟಿದ ಕ್ಯೂಎಮು: ಕಂಪೈಲ್ ಮುಗಿಯಿತು, ಆದರೆ ಕಿಟಕಿಯೂ ಇಲ್ಲ, ನೆಟ್‌ವರ್ಕೂ ಇಲ್ಲ

ಕಿರುಬೈಟ್

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸಿ ಓಡಿಸುವ ಎಮ್ಯುಲೇಟರ್ ಆದ ಕ್ಯೂಎಮುವಿನ ಹೊಸ ಆವೃತ್ತಿಯನ್ನು ನನ್ನ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಸೋರ್ಸ್‌ನಿಂದಲೇ ಕಂಪೈಲ್ ಮಾಡಿದ್ದೇನೆ, ಅಂದರೆ ಅದರ ಕೋಡನ್ನು ಓಡುವ ಬೈನರಿಯಾಗಿಸಿದ್ದೇನೆ. ಡೆಸ್ಕ್‌ಟಾಪಿನದು ಸಾಮಾನ್ಯ ಎಕ್ಸ್86 ಪ್ರೊಸೆಸರ್. ಅದರೊಳಗೆ ಓಡಿಸಬೇಕಾಗಿರುವುದು ರಿಸ್ಕ್-ಫೈವ್ ಎಂಬ ಬೇರೆ ಬಗೆಯ ಪ್ರೊಸೆಸರಿಗಾಗಿ ಸಿದ್ಧವಾದ ಡೆಬಿಯನ್ ಲಿನಕ್ಸ್. ನನ್ನ ಲಿನಕ್ಸ್ ವಿತರಣೆಯ ಪ್ಯಾಕೇಜು ಹಳೆಯದು, ನಾನು ಪರೀಕ್ಷಿಸಬೇಕೆಂದಿರುವ ಸಿಪಿಯು ವಿಸ್ತರಣೆಗಳು ಅದರಲ್ಲಿಲ್ಲ. ಹಾಗಾಗಿ ಈ ದಾರಿ ಹಿಡಿದೆ.

ಕಾನ್ಫಿಗರ್ ಸ್ಕ್ರಿಪ್ಟ್ ತಕರಾರಿಲ್ಲದೆ ಮುಗಿಯಿತು. ಕಂಪೈಲ್ ಕೆಲಸಗಳನ್ನು ನಡೆಸುವ ನಿಂಜಾ ಕೂಡ ಒಂದೂ ದೋಷ ತೋರಿಸದೆ ಕೊನೆ ಮುಟ್ಟಿತು. ಆದರೆ ಓಡಿಸಿದರೆ ಕಿಟಕಿಯೇ ತೆರೆಯುವುದಿಲ್ಲ. ಪರದೆಯನ್ನು ನೆಟ್‌ವರ್ಕ್ ಮೂಲಕ ತೋರಿಸುವ ವಿಎನ್‌ಸಿ ಸರ್ವರ್ 5900ನೇ ಪೋರ್ಟಿನಲ್ಲಿ ಓಡುತ್ತಿದೆ ಎಂಬ ಒಂದು ಸಾಲು ಟರ್ಮಿನಲ್ಲಿನಲ್ಲಿ ಮೂಡಿ ಅಲ್ಲಿಗೇ ನಿಲ್ಲುತ್ತದೆ. ನೆಟ್‌ವರ್ಕಿಗೆಂದು ಯೂಸರ್ ಬ್ಯಾಕ್‌ಎಂಡ್ ಕೇಳಿದರೆ, ಅದನ್ನು ಈ ಬೈನರಿಯಲ್ಲಿ ಕಂಪೈಲ್ ಮಾಡಿಲ್ಲ ಎಂದು ಹೇಳಿ ಹೊರಬೀಳುತ್ತದೆ. ಅದೇ ಡಿಸ್ಕ್ ಇಮೇಜು ವಿತರಣೆಯ ಹಳೆಯ ಕ್ಯೂಎಮುವಿನಲ್ಲಿ ಸರಿಯಾಗಿ ಓಡುತ್ತದೆ. ನಾನು ಕೊಡಬೇಕಾಗಿದ್ದ ಯಾವುದೋ ಆಯ್ಕೆ ಬಿಟ್ಟುಹೋಗಿದೆಯೇ?

ಇನ್ನೊಂದು ವಿಷಯ. ನನ್ನ ಯಂತ್ರದಲ್ಲಿ 16 ಥ್ರೆಡ್‌ಗಳಿವೆ, ಮೆಮೊರಿ 8 ಜಿಬಿ. ಕಂಪೈಲ್ ನಡೆಯುವಾಗ, ಅದರಲ್ಲೂ ಕೊನೆಯ ಹಂತದಲ್ಲಿ, ಮೌಸ್ ಕೂಡ ಅಲುಗಾಡದಷ್ಟು ಎಲ್ಲವೂ ಸ್ತಬ್ಧವಾಗುತ್ತದೆ. ಇದು ಸಹಜವೇ?

ಹಳೆಯಂತ್ರ

ನಿಮ್ಮ ಕಂಪೈಲಿನಲ್ಲಿ ದೋಷವಿಲ್ಲ. ಹೇಳಿದ್ದನ್ನು ಅದು ಕಟ್ಟಿಕೊಟ್ಟಿದೆ. ಏನನ್ನು ಕಟ್ಟಬೇಕು ಎಂಬ ತೀರ್ಮಾನ ಮಾತ್ರ ನಿಮ್ಮ ಗಮನಕ್ಕೆ ಬಾರದೆ ಆಗಿಹೋಗಿದೆ. ಆ ತೀರ್ಮಾನ ಆಗುವುದು ಕಾನ್ಫಿಗರ್ ಹಂತದಲ್ಲಿ. ಎಮ್ಯುಲೇಟರ್ ಕಟ್ಟುವ ಕೆಲಸದಲ್ಲಿ ಅತ್ಯಂತ ಮುಖ್ಯವಾದ ಆ ಹಂತವನ್ನೇ ಜನ ಅತಿ ಕಡಿಮೆ ಓದುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ಯೂಎಮು 2020ರ ಕೊನೆಯಲ್ಲಿ ಬಂದ 5.2 ಆವೃತ್ತಿಯಿಂದ ಮೆಸಾನ್ ಎಂಬ ಬಿಲ್ಡ್ ವ್ಯವಸ್ಥೆ ಮತ್ತು ನಿಂಜಾಗಳನ್ನು ಬಳಸುತ್ತಿದೆ. ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಈಗಲೂ ಮುಂಬಾಗಿಲಲ್ಲಿದೆ, ಒಳಗಿನ ಕೆಲಸವೆಲ್ಲ ಮೆಸಾನ್‌ನದು. ಮೆಸಾನ್‌ನಲ್ಲಿ ಐಚ್ಛಿಕ ಸೌಲಭ್ಯವೊಂದಕ್ಕೆ ಮೂರು ಸ್ಥಿತಿಗಳಿರಬಹುದು: ಬೇಕೇ ಬೇಕು, ಬೇಡ, ಅಥವಾ ಸಿಕ್ಕರೆ ಇರಲಿ. ನೀವು ಏನನ್ನೂ ಹೇಳದಿದ್ದರೆ ಬಹುಪಾಲು ಸೌಲಭ್ಯಗಳು ಮೂರನೆಯ ಸ್ಥಿತಿಯಲ್ಲಿರುತ್ತವೆ. ಜಿಲಿಬ್‌ನಂಥ ಅತ್ಯಗತ್ಯ ಲೈಬ್ರರಿ ಸಿಗದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲುತ್ತದೆ. ಕಿಟಕಿ ತೆರೆಯುವ ಲೈಬ್ರರಿಯಾದ ಜಿಟಿಕೆ ಸಿಗದಿದ್ದರೆ ನಿಲ್ಲುವುದಿಲ್ಲ. ಕಿಟಕಿಯಿಲ್ಲದ ಕ್ಯೂಎಮು ಕಟ್ಟಲು ಸದ್ದಿಲ್ಲದೆ ಮುಂದುವರಿಯುತ್ತದೆ. ಜಿಟಿಕೆಯೂ ಅದೇ ಕೆಲಸದ ಇನ್ನೊಂದು ಲೈಬ್ರರಿಯಾದ ಎಸ್‌ಡಿಎಲ್ಲೂ ಇಲ್ಲದ ಬೈನರಿ ಓಡಿದಾಗ ತನಗಿರುವ ಏಕೈಕ ಪರದೆಯಾದ ವಿಎನ್‌ಸಿಯನ್ನು ಆಶ್ರಯಿಸುತ್ತದೆ. ನಿಮಗೆ ಕಂಡ ಸಾಲು ಅದೇ.

ನೆಟ್‌ವರ್ಕಿನ ಕಥೆಗೆ ಸ್ವಲ್ಪ ಹಿನ್ನೆಲೆ ಬೇಕು. ಯೂಸರ್ ನೆಟ್‌ವರ್ಕ್ ಎಂಬುದನ್ನು ನಡೆಸುವುದು ಲಿಬ್‌ಸ್ಲರ್ಪ್ ಎಂಬ ಲೈಬ್ರರಿ. ಮೊದಲು ಅದರ ಸೋರ್ಸ್ ಕ್ಯೂಎಮುವಿನ ಜೊತೆಯಲ್ಲೇ ಬರುತ್ತಿತ್ತು. 2022ರ ಡಿಸೆಂಬರಿನಲ್ಲಿ ಬಂದ 7.2 ಆವೃತ್ತಿಯಲ್ಲಿ ಅದನ್ನು ಹೊರಗೆ ತೆಗೆದರು. ಅಂದಿನಿಂದ ಅದು ನಿಮ್ಮ ಸಿಸ್ಟಮ್ಮಿನಲ್ಲೇ ಇರಬೇಕು. ಅದಕ್ಕೆ ಮೊದಲು ಬರೆದ ಮಾರ್ಗದರ್ಶಿಗಳಲ್ಲಿ ಈ ಲೈಬ್ರರಿಯ ಹೆಸರೇ ಇರುವುದಿಲ್ಲ. ಅವುಗಳನ್ನು ಅಕ್ಷರಶಃ ಪಾಲಿಸಿದವರಿಗೂ ನಿಮಗಾದದ್ದೇ ಆಗುತ್ತದೆ.

ಕಾನ್ಫಿಗರ್ ಅನ್ನು ಮತ್ತೊಮ್ಮೆ ಓಡಿಸಿ. ಕೊನೆಯಲ್ಲಿ ಬರುವ ಉದ್ದನೆಯ ಸಾರಾಂಶದಲ್ಲಿ ಸ್ಲರ್ಪ್, ಜಿಟಿಕೆ, ಎಸ್‌ಡಿಎಲ್ ಮತ್ತು ಕೆವಿಎಂ (ಒಳಗಿನ ವ್ಯವಸ್ಥೆಯನ್ನು ಪ್ರೊಸೆಸರಿನಲ್ಲೇ ನೇರವಾಗಿ ಓಡಿಸುವ ಸೌಲಭ್ಯ) ಸಾಲುಗಳ ಮುಂದೆ ಹೌದು ಇದೆಯೋ ಇಲ್ಲ ಇದೆಯೋ ತಿಳಿಸಿ.

ನೂಲುಹುರಿ

ಜೊತೆಗೆ ನೀವು ಓಡಿಸುತ್ತಿರುವುದು ಯಾವ ಬೈನರಿ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ವಿಚ್ ಆದೇಶ ಕೊಟ್ಟರೆ ಪೂರ್ಣ ವಿಳಾಸ ಸಿಗುತ್ತದೆ. ಹಳೆಯದು ಮತ್ತು ಹೊಸದು ಎರಡೂ ಇರುವ ಯಂತ್ರದಲ್ಲಿ ಶೆಲ್ ಹಳೆಯ ವಿಳಾಸವನ್ನೇ ನೆನಪಿಟ್ಟುಕೊಂಡಿರುವುದುಂಟು. ಹೊಸ ಟರ್ಮಿನಲ್ ತೆರೆದರೆ ಆ ಗೊಂದಲ ಹೋಗುತ್ತದೆ.

ಕಿರುಬೈಟ್

ಸಾರಾಂಶ ನೋಡಿದೆ. ಕೆವಿಎಂ ಹೌದು. ಸ್ಲರ್ಪ್, ಜಿಟಿಕೆ, ಎಸ್‌ಡಿಎಲ್ ಮೂರೂ ಇಲ್ಲ. ವಿಚ್ ತೋರಿಸುತ್ತಿರುವುದು ಹೊಸ ಬೈನರಿಯನ್ನೇ.

ಅರ್ಥವಾಗದ ಸಂಗತಿ ಒಂದಿದೆ. ನನ್ನ ಡೆಸ್ಕ್‌ಟಾಪಿನಲ್ಲಿ ಜಿಟಿಕೆ ಖಂಡಿತವಾಗಿಯೂ ಇದೆ. ಹತ್ತಾರು ಪ್ರೋಗ್ರಾಮುಗಳು ಅದರ ಮೇಲೆಯೇ ಓಡುತ್ತಿವೆ. ಹಾಗಿದ್ದರೂ ಕಾನ್ಫಿಗರ್‌ಗೆ ಅದು ಏಕೆ ಕಾಣುವುದಿಲ್ಲ?

ಹಳೆಯಂತ್ರ

ಓಡಲು ಬೇಕಾದದ್ದು ಬೇರೆ, ಕಟ್ಟಲು ಬೇಕಾದದ್ದು ಬೇರೆ. ಸಿದ್ಧ ಪ್ರೋಗ್ರಾಮು ಓಡಲು ಲೈಬ್ರರಿಯ ಬೈನರಿ ಕಡತವೊಂದಿದ್ದರೆ ಸಾಕು. ಹೊಸದಾಗಿ ಕಂಪೈಲ್ ಮಾಡುವಾಗ ಆ ಲೈಬ್ರರಿಯ ಹೆಡರ್ ಕಡತಗಳು ಬೇಕು. ಯಾವ ಫಂಕ್ಷನ್ ಯಾವ ಬಗೆಯ ಮೌಲ್ಯಗಳನ್ನು ತೆಗೆದುಕೊಳ್ಳುತ್ತದೆ ಎಂಬುದು ಕಂಪೈಲರಿಗೆ ತಿಳಿಯುವುದು ಅವುಗಳಿಂದ. ಅವು ಎಲ್ಲಿವೆ, ಲಿಂಕ್ ಮಾಡಲು ಯಾವ ಆಯ್ಕೆ ಕೊಡಬೇಕು ಎಂದು ಹೇಳುವ ಪುಟ್ಟ ಪಿಸಿ ಕಡತವೂ ಬೇಕು. ಮೆಸಾನ್ ಹುಡುಕುವಾಗ ಮೊದಲು ಕೇಳುವುದು ಪಿಕೆಜಿ-ಕಾನ್ಫಿಗ್ ಎಂಬ ಉಪಕರಣವನ್ನು. ಅದು ಪಿಸಿ ಕಡತವನ್ನು ಅರಸುತ್ತದೆ. ಕಡತ ಸಿಗದಿದ್ದರೆ, ಜಿಟಿಕೆ ಕಣ್ಣೆದುರಿಗೇ ಓಡುತ್ತಿದ್ದರೂ, ಮೆಸಾನ್‌ನ ಲೆಕ್ಕದಲ್ಲಿ ಅದು ಇಲ್ಲ.

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಈ ಕಡತಗಳು ಹೆಸರಿನ ಕೊನೆಯಲ್ಲಿ ಡೆವ್ ಎಂದಿರುವ ಪ್ಯಾಕೇಜುಗಳಲ್ಲಿರುತ್ತವೆ, ಫೆಡೋರಾದಲ್ಲಿ ಡೆವೆಲ್ ಎಂದಿರುವ ಪ್ಯಾಕೇಜುಗಳಲ್ಲಿ. ಆರ್ಚ್ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲವೂ ಒಂದೇ ಪ್ಯಾಕೇಜಿನಲ್ಲಿರುವುದರಿಂದ ಅಲ್ಲಿನವರಿಗೆ ಈ ತೊಂದರೆ ಕಡಿಮೆ.

ಈಗ ಮಾಡಬೇಕಾದದ್ದು: ಲಿಬ್‌ಸ್ಲರ್ಪ್ ಮತ್ತು ಜಿಟಿಕೆ 3ರ ಡೆವ್ ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಬಿಲ್ಡ್ ಫೋಲ್ಡರನ್ನು ಪೂರ್ತಿಯಾಗಿ ಅಳಿಸಿ, ಏಕೆಂದರೆ ಹಿಂದಿನ ಹುಡುಕಾಟದ ಉತ್ತರಗಳು ಅದರೊಳಗೆ ಉಳಿದಿರುತ್ತವೆ. ಆಮೇಲೆ ಕಾನ್ಫಿಗರ್ ಓಡಿಸುವಾಗ ಎನೇಬಲ್-ಸ್ಲರ್ಪ್, ಎನೇಬಲ್-ಜಿಟಿಕೆ ಎರಡನ್ನೂ ಸ್ಪಷ್ಟವಾಗಿ ಕೊಡಿ. ಹಾಗೆ ಕೊಟ್ಟರೆ ಆ ಸೌಲಭ್ಯಗಳು ಬೇಕೇ ಬೇಕು ಎಂಬ ಸ್ಥಿತಿಗೆ ಬರುತ್ತವೆ. ಸಿಗದಿದ್ದರೆ ಕಾನ್ಫಿಗರ್ ಗಟ್ಟಿಯಾಗಿ ಕೂಗಿ ನಿಲ್ಲುತ್ತದೆ. ನನಗೆ ಅಗತ್ಯವಿರುವ ಪ್ರತಿಯೊಂದು ಸೌಲಭ್ಯವನ್ನೂ ನಾನು ಹೀಗೆ ಹೆಸರು ಹಿಡಿದು ಕೇಳುತ್ತೇನೆ. ಸದ್ದಿಲ್ಲದೆ ಕೈಬಿಡುವ ಕಾನ್ಫಿಗರ್‌ಗಿಂತ ಮೊದಲ ನಿಮಿಷದಲ್ಲೇ ನಿಲ್ಲುವ ಕಾನ್ಫಿಗರ್ ಸಾವಿರ ಪಾಲು ಮೇಲು.

ನೂಲುಹುರಿ

ಎಪಿಟಿ ಎಂಬ ಪ್ಯಾಕೇಜು ಉಪಕರಣ ಇರುವ, ಡೆಬಿಯನ್ ಮತ್ತು ಉಬುಂಟುವಿನಂಥ ವಿತರಣೆಗಳಲ್ಲಿ ಇನ್ನೊಂದು ಸುಲಭದ ದಾರಿ ಬಿಲ್ಡ್-ಡೆಪ್. ವಿತರಣೆಯವರು ತಮ್ಮ ಕ್ಯೂಎಮು ಪ್ಯಾಕೇಜನ್ನು ಕಟ್ಟಲು ಬಳಸುವ ಎಲ್ಲ ಡೆವ್ ಪ್ಯಾಕೇಜುಗಳನ್ನೂ ಅದು ಒಂದೇ ಸಲಕ್ಕೆ ತರುತ್ತದೆ. ಸೋರ್ಸ್ ಭಂಡಾರದ ಸಾಲನ್ನು ಮೊದಲು ಸಕ್ರಿಯಗೊಳಿಸಿರಬೇಕು ಅಷ್ಟೆ. ವಿತರಣೆಯ ಆವೃತ್ತಿ ಹಳೆಯದಾಗಿದ್ದರೆ ಹೊಸ ಅವಲಂಬನೆ ಒಂದೆರಡು ಬಿಟ್ಟುಹೋಗಬಹುದು. ಸಾರಾಂಶ ಓದುವ ಕೆಲಸ ಆಗಲೂ ತಪ್ಪುವುದಿಲ್ಲ.

ಮೌನಕೋಶ

ಮೆಮೊರಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ.

ಸಂಖ್ಯೆ ಕೊಡದೆ ನಿಂಜಾ ಓಡಿಸಿದರೆ ಅದು ಥ್ರೆಡ್‌ಗಳ ಎಣಿಕೆಗೆ ಎರಡು ಸೇರಿಸಿ ಅಷ್ಟು ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆ. ನಿಮ್ಮಲ್ಲಿ 18. ಮೆಮೊರಿ ಎಷ್ಟಿದೆ ಎಂದು ಅದು ನೋಡುವುದೇ ಇಲ್ಲ. ಕ್ಯೂಎಮು ಸಿ ಭಾಷೆಯದಾದ್ದರಿಂದ ಒಂದೊಂದು ಕಡತದ ಕಂಪೈಲ್ ಹಗುರ. ಭಾರ ಬೀಳುವುದು ಕೊನೆಯಲ್ಲಿ, ಕಂಪೈಲಾದ ತುಣುಕುಗಳನ್ನು ಒಂದು ಬೈನರಿಯಾಗಿ ಲಿಂಕ್ ಮಾಡುವಾಗ. ಟಾರ್ಗೆಟ್-ಲಿಸ್ಟ್ ಕೊಡದಿದ್ದರೆ ಕ್ಯೂಎಮು ತನಗೆ ಗೊತ್ತಿರುವ ಎಲ್ಲ ಪ್ರೊಸೆಸರ್ ಬಗೆಗಳಿಗೂ ಎಮ್ಯುಲೇಟರ್ ಕಟ್ಟುತ್ತದೆ: ಆರ್ಮ್, ಮಿಪ್ಸ್, ಪವರ್‌ಪಿಸಿ, ಸ್ಪಾರ್ಕ್, ಎಸ್390, ಹೀಗೆ ಹತ್ತಾರು. ಪ್ರತಿಯೊಂದೂ ಡೀಬಗ್ ಮಾಹಿತಿ ಸಮೇತ ದೊಡ್ಡ ಬೈನರಿ. ಇವೆಲ್ಲದರ ಲಿಂಕ್ ಒಂದೇ ಹೊತ್ತಿಗೆ ಶುರುವಾದಾಗ 8 ಜಿಬಿ ಸಾಲದೆ ಸ್ವಾಪ್‌ಗೆ, ಅಂದರೆ ನಿಧಾನವಾದ ಡಿಸ್ಕಿಗೆ, ಹೋಗುತ್ತದೆ, ಮೌಸ್ ನಿಲ್ಲುತ್ತದೆ.

ನಿಮಗೆ ಬೇಕಾದದ್ದು ಒಂದೇ ಬಗೆ. ಟಾರ್ಗೆಟ್-ಲಿಸ್ಟ್‌ನಲ್ಲಿ 64 ಬಿಟ್ಟಿನ ರಿಸ್ಕ್-ಫೈವ್ ಸಾಫ್ಟ್‌ಎಂಎಂಯು (ಇಡೀ ಯಂತ್ರದ ಎಮ್ಯುಲೇಟರ್) ಒಂದನ್ನೇ ಕೊಡಿ. ಸಮಯ, ಡಿಸ್ಕು, ಮೆಮೊರಿ ಮೂರೂ ಉಳಿಯುತ್ತವೆ.

ಸಿ++ ಎಮ್ಯುಲೇಟರ್‌ಗಳಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಗೇಮ್‌ಕ್ಯೂಬ್ ಮತ್ತು ವೀ ಆಟಗಳ ಡಾಲ್ಫಿನ್, ಆರ್ಕೇಡ್ ಆಟಗಳ ಮೇಮ್‌ನಂಥವುಗಳಲ್ಲಿ ಒಂದೇ ಕಂಪೈಲರ್ ಪ್ರಕ್ರಿಯೆ ಒಂದು ಜಿಬಿ ದಾಟಬಹುದು. ನಿಂಜಾ ಬದಲು ಮೇಕ್ ಬಳಸುವ ಕಡೆ ಜೆ ಆಯ್ಕೆಯ ಮುಂದೆ ಸಂಖ್ಯೆ ಬರೆಯದೆ ಬಿಟ್ಟರೆ ಮಿತಿಯೇ ಇಲ್ಲವೆಂದರ್ಥ. ಸ್ವಲ್ಪ ಹೊತ್ತಿಗೆ ಕರ್ನಲ್ ಯಾವುದೋ ಒಂದು ಕಂಪೈಲರ್ ಪ್ರಕ್ರಿಯೆಯನ್ನು ಕೊಲ್ಲುತ್ತದೆ. ಸಿಸಿ1ಪ್ಲಸ್ ಅನ್ನು ಕೊಲ್ಲಲಾಯಿತು ಎಂಬ ಸಂದೇಶ ಕಂಡವರು ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ತಪ್ಪು ಕೋಡಿನದಲ್ಲ, ಮೆಮೊರಿ ಮುಗಿದಿದೆ. ನಾನು ಹಿಡಿಯುವ ಲೆಕ್ಕ: ಸಿ++ ಆದರೆ ಪ್ರತಿ ಕೆಲಸಕ್ಕೆ ಎರಡು ಜಿಬಿ. ನಿಮ್ಮ ಯಂತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಹಚ್ಚಬೇಡಿ. ಲಿಂಕ್ ಹಂತ ಆಗಲೂ ಕಷ್ಟವಾದರೆ ಎಲ್‌ಎಲ್‌ಡಿ ಅಥವಾ ಮೋಲ್ಡ್ ಲಿಂಕರ್ ಬಳಸಿ ನೋಡಿ.

ಮೇಮ್ ಬಗ್ಗೆ ಇನ್ನೊಂದು ಮಾತು. ಇಡೀ ಮೇಮ್ ಕಟ್ಟುವುದು ಬಹಳ ದೊಡ್ಡ ಕೆಲಸ. ಆದರೆ ಸೋರ್ಸಸ್ ಮತ್ತು ಸಬ್‌ಟಾರ್ಗೆಟ್ ಎಂಬ ಎರಡು ಚರಗಳನ್ನು ಕೊಟ್ಟರೆ ಒಂದೇ ಡ್ರೈವರ್ ಕಡತಕ್ಕೆ ಬೇಕಾದಷ್ಟನ್ನು ಮಾತ್ರ ಹುಡುಕಿ ಕಟ್ಟುತ್ತದೆ. ಒಂದು ಹಳೆಯ ಆರ್ಕೇಡ್ ಬೋರ್ಡಿನ ಕೋಡ್ ಓದಿ, ತಿದ್ದಿ, ಮತ್ತೆ ಓಡಿಸಿ ನೋಡಬೇಕೆಂಬ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಪಟ್ಟಿ ಬದಲಾಯಿಸಿದಾಗ ರೀಜೀನಿ ಚರಕ್ಕೆ 1 ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಹಳೆಯ ಬಿಲ್ಡ್ ಕಡತಗಳೇ ಉಳಿಯುತ್ತವೆ.

ಸೊನ್ನೆಒಂದು

ಎಲ್ಲರೂ ಹೇಗೆ ಕಟ್ಟಬೇಕು ಎಂದು ಹೇಳುತ್ತಿದ್ದೀರಿ. ಏಕೆ ಕಟ್ಟಬೇಕು ಎಂದು ನಾನು ಕೇಳುತ್ತೇನೆ. ವಿತರಣೆಯ ಪ್ಯಾಕೇಜಿಗೆ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬರುತ್ತವೆ. ಕ್ಯೂಎಮುವಿನಂಥ ತಂತ್ರಾಂಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಒಳಗಿನ ಅತಿಥಿ ವ್ಯವಸ್ಥೆಯಿಂದ ಹೊರಗೆ ನುಸುಳಲು ಎಡೆಕೊಡುವ ದೋಷಗಳು ಈ ಹಿಂದೆ ಸಿಕ್ಕಿವೆ. 2015ರಲ್ಲಿ ಬಯಲಾದ ವೆನಮ್ ದೋಷ ಇದ್ದದ್ದು ಯಾರೂ ಬಳಸದ ಫ್ಲಾಪಿ ನಿಯಂತ್ರಕದ ಕೋಡಿನಲ್ಲಿ. ಕೈಯಾರೆ ಕಟ್ಟಿದ ಬೈನರಿಯನ್ನು ನವೀಕರಿಸುವವರು ಯಾರು? ನಾಲ್ಕು ತಿಂಗಳ ಮೇಲೆ ನೆನಪಿಟ್ಟು ಮತ್ತೆ ಕಟ್ಟುವ ಶಿಸ್ತು ಎಲ್ಲರಿಗೂ ಇರುವುದಿಲ್ಲ. ಆಟವಾಡಲಷ್ಟೇ ಎಮ್ಯುಲೇಟರ್ ಬೇಕಿದ್ದರೆ ಸಿದ್ಧ ಫ್ಲಾಟ್‌ಪ್ಯಾಕ್ ಪ್ಯಾಕೇಜು ಸಾಕು.

ಬೆಳ್ಳಿಚುಕ್ಕಿ

ಭದ್ರತೆಯ ಮಾತು ಒಪ್ಪುತ್ತೇನೆ. ನಂಬಲಾಗದ ಅತಿಥಿ ವ್ಯವಸ್ಥೆಯನ್ನು ಓಡಿಸುವವರು ವಿತರಣೆಯ ಪ್ಯಾಕೇಜಿನಲ್ಲೇ ಇರಲಿ. ಆದರೆ "ಆಟವಾಡಲಷ್ಟೇ" ಎಂಬಲ್ಲಿಗೆ ವಿಷಯ ಮುಗಿಯುವುದಿಲ್ಲ.

ಸೋರ್ಸ್‌ನಿಂದ ಕಟ್ಟುವ ಶಕ್ತಿ ಕೈಗೆ ಬಂದರೆ ಎಮ್ಯುಲೇಟರನ್ನು ಸರಿಪಡಿಸುವ ಕೆಲಸದಲ್ಲಿ ನೀವು ಪಾಲುದಾರರಾಗಬಹುದು. ಕೋಡಿನ ಇತಿಹಾಸ ಕಾಯ್ದಿಡುವ ಗಿಟ್‌ನ ಬೈಸೆಕ್ಟ್ ಆದೇಶ ಇದಕ್ಕೆ ಅತ್ಯುತ್ತಮ ಉದಾಹರಣೆ. ಕಳೆದ ವರ್ಷದ ಆವೃತ್ತಿಯಲ್ಲಿ ಸರಿಯಾಗಿದ್ದ ಧ್ವನಿ ಈಗ ಕೆಟ್ಟಿದೆ ಎಂದುಕೊಳ್ಳಿ. ನಡುವೆ ಸಾವಿರ ಕಮಿಟ್‌ಗಳಿವೆ, ಅಂದರೆ ಕೋಡಿನಲ್ಲಿ ದಾಖಲಾದ ಬದಲಾವಣೆಗಳು. ಬೈಸೆಕ್ಟ್ ಪ್ರತಿ ಸಲ ಮಧ್ಯದ ಕಮಿಟ್ ಎತ್ತಿಕೊಡುತ್ತದೆ. ನೀವು ಕಟ್ಟಿ, ಓಡಿಸಿ, ಸರಿ ಅಥವಾ ಕೆಟ್ಟದ್ದು ಎಂದು ಹೇಳುತ್ತೀರಿ. ಸಾವಿರ ಕಮಿಟ್‌ಗಳಿದ್ದರೆ ಸುಮಾರು ಹತ್ತು ಸುತ್ತಿನಲ್ಲಿ ಕೆಡಿಸಿದ ಕಮಿಟ್ ಸಿಗುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ; ಕಿವಿ ಚೆನ್ನಾಗಿದ್ದರೆ ಸಾಕು. ಧ್ವನಿ ಕೆಟ್ಟಿದೆ ಎಂದಷ್ಟೇ ಹೇಳುವ ದೂರಿಗೂ ಇಂಥ ಕಮಿಟಿನಿಂದ ಕೆಟ್ಟಿದೆ ಎಂಬ ದೂರಿಗೂ ಅಜಗಜಾಂತರ. ಎರಡನೆಯದನ್ನು ಓದಿದ ನಿರ್ವಾಹಕರು ನೇರವಾಗಿ ಆ ಸಾಲುಗಳಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಉತ್ತರವಿಲ್ಲದೆ ಬಿದ್ದಿದ್ದ ದೂರುಗಳು ಹೀಗೆ ಒಂದು ಕಮಿಟಿನ ಗುರುತು ಸಿಕ್ಕ ಕೂಡಲೇ ಬಗೆಹರಿದದ್ದನ್ನು ಕಂಡಿದ್ದೇನೆ. ಯಂತ್ರಗಳು ಸತ್ತುಹೋದ ಮೇಲೂ ಅವುಗಳ ತಂತ್ರಾಂಶ ಓಡುತ್ತಿರುವುದು ಈ ಯೋಜನೆಗಳಿಂದ. ಅವುಗಳಿಗೆ ನಾವು ಕೊಡಬಹುದಾದ ಅತಿ ದೊಡ್ಡ ಕಾಣಿಕೆ ಇಂಥ ದೂರು.

ಬೈಸೆಕ್ಟ್ ಮಾಡುವವರು ಸಿಕ್ಯಾಶ್ ಹಾಕಿಕೊಳ್ಳಿ. ಬದಲಾಗದ ಕಡತಗಳ ಹಳೆಯ ಫಲಿತಾಂಶವನ್ನು ಅದು ಹಾಗೆಯೇ ಎತ್ತಿಕೊಡುವುದರಿಂದ ಎರಡನೆಯ ಸುತ್ತಿನಿಂದ ಕಾಯುವಿಕೆ ಬಹಳ ಇಳಿಯುತ್ತದೆ. ಒಂದು ಎಚ್ಚರಿಕೆ: ಹಿಂದಕ್ಕೆ ಹೋದಂತೆ ಸಬ್‌ಮಾಡ್ಯೂಲ್‌ಗಳೂ (ಒಳಗೆ ಸೇರಿಸಿಕೊಂಡ ಬೇರೆ ಯೋಜನೆಗಳ ಕೋಡ್) ಆ ಕಾಲದವೇ ಆಗಬೇಕು. ಪ್ರತಿ ಸುತ್ತಿನಲ್ಲೂ ಸಬ್‌ಮಾಡ್ಯೂಲ್ ಅಪ್‌ಡೇಟ್ ಓಡಿಸದಿದ್ದರೆ ಸಂಬಂಧವಿಲ್ಲದ ದೋಷಗಳು ಎದುರಾಗುತ್ತವೆ.

ಹಳೆಯಂತ್ರ

ಸಬ್‌ಮಾಡ್ಯೂಲ್ ಮಾತು ಬಂದದ್ದರಿಂದ: ಡಾಲ್ಫಿನ್ ಕಟ್ಟಲು ಹೊರಟ ಹೊಸಬರು ಗಿಟ್‌ಹಬ್‌ನಲ್ಲಿ ಜಿಪ್ ಕಡತ ಇಳಿಸಿಕೊಳ್ಳುತ್ತಾರೆ. ಆ ಜಿಪ್‌ನಲ್ಲಿ ಸಬ್‌ಮಾಡ್ಯೂಲ್‌ಗಳ ಫೋಲ್ಡರುಗಳು ಖಾಲಿ, ಗಿಟ್ ಇತಿಹಾಸವೂ ಇಲ್ಲ. ಗಿಟ್ ಕ್ಲೋನ್ ಮಾಡಿ ರಿಕರ್ಸಿವ್ ಆಯ್ಕೆಯೊಂದಿಗೆ ಸಬ್‌ಮಾಡ್ಯೂಲ್ ತರುವುದೇ ಸರಿಯಾದ ದಾರಿ. ಕ್ಯೂಎಮು ಯೋಜನೆ ತಾನೇ ಹೊರತರುವ ಬಿಡುಗಡೆಯ ಟಾರ್ ಕಡತ ಹಾಗಲ್ಲ, ಅದರಲ್ಲಿ ಬೇಕಾದದ್ದೆಲ್ಲ ತುಂಬಿರುತ್ತದೆ.

ಸೋರ್ಸ್ ಎಂದರೆ ತಾನಾಗಿಯೇ ಸುರಕ್ಷಿತ ಎಂದು ನಂಬುವವರು 2024ರ ಮಾರ್ಚ್‌ನಲ್ಲಿ ಬಯಲಾದ, ಕಡತ ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣವನ್ನು ಓದಬೇಕು. 5.6.0 ಮತ್ತು 5.6.1 ಆವೃತ್ತಿಗಳ ಟಾರ್ ಕಡತಗಳಲ್ಲಿ ಗಿಟ್ ಭಂಡಾರದಲ್ಲಿಲ್ಲದ ಸ್ಕ್ರಿಪ್ಟ್ ತುಣುಕೊಂದು ಸೇರಿತ್ತು. ಹಿಂಬಾಗಿಲಿನ ಕೋಡನ್ನು ಒಳಗೆಳೆದುಕೊಳ್ಳುವ ಕೆಲಸ ಶುರುವಾಗುತ್ತಿದ್ದದ್ದೇ ಕಾನ್ಫಿಗರ್ ಹಂತದಲ್ಲಿ. ಕಾನ್ಫಿಗರ್ ಓಡಿಸುವುದೆಂದರೆ ಅಪರಿಚಿತರ ಪ್ರೋಗ್ರಾಮೊಂದನ್ನು ನಿಮ್ಮ ಖಾತೆಯ ಪೂರ್ಣ ಅಧಿಕಾರದಲ್ಲಿ ಓಡಿಸುವುದು. ಆದ್ದರಿಂದ ಕಟ್ಟುವ ಕೆಲಸವನ್ನು ಎಂದೂ ಸರ್ವಾಧಿಕಾರದ ಖಾತೆಯಾದ ರೂಟ್ ಆಗಿ ಮಾಡಬೇಡಿ. ಯೋಜನೆಯವರು ಸಹಿ ಕಡತ ಕೊಟ್ಟಿದ್ದರೆ ಪರಿಶೀಲಿಸಿ.

ಜೋಡಿಸಾಲು

ನನ್ನದೊಂದು ಉಪಪ್ರಶ್ನೆ. ಹತ್ತು ವರ್ಷ ಹಿಂದೆ ಕೈಬಿಟ್ಟ ಸಣ್ಣ ಎಮ್ಯುಲೇಟರ್ ಒಂದರ ಸೋರ್ಸ್ ಸಿಕ್ಕಿದೆ. ಅರ್ಧ ಸಿ, ಅರ್ಧ ಸಿ++. ಬೇಕಾದ ಲೈಬ್ರರಿಗಳೆಲ್ಲ ಇವೆ, ಆದರೂ ಪುಟಗಟ್ಟಲೆ ದೋಷಗಳು. ಅಂದು ಕಂಪೈಲ್ ಆಗುತ್ತಿದ್ದ ಕೋಡ್ ಇಂದು ಏಕೆ ಆಗುವುದಿಲ್ಲ?

ನೂಲುಹುರಿ

ಕೋಡ್ ಇದ್ದಲ್ಲೇ ಇದೆ, ಕಂಪೈಲರ್ ಮುಂದೆ ಹೋಗಿದೆ. ದೋಷದ ಮಾತು ನೋಡಿದರೆ ಯಾವ ವರ್ಷದ ಬದಲಾವಣೆಗೆ ಸಿಕ್ಕಿಬಿದ್ದಿದೆ ಎಂದು ಹೆಚ್ಚಿನ ಸಲ ಹೇಳಬಹುದು.

ಲಿಂಕ್ ಮಾಡುವಾಗ ಒಂದೇ ಚರಕ್ಕೆ ಹಲವು ವ್ಯಾಖ್ಯೆಗಳಿವೆ ಎಂದು ದೂರಿದರೆ ಅದು 2020ರ ಜಿಸಿಸಿ 10 ಕಂಪೈಲರಿನ ಪರಿಣಾಮ. ಹೆಡರ್ ಕಡತದಲ್ಲಿ ಎಕ್ಸ್‌ಟರ್ನ್ ಇಲ್ಲದೆ ಚರ ಘೋಷಿಸುವ ಹಳೆಯ ರೂಢಿಯನ್ನು ಅಲ್ಲಿಯವರೆಗೆ ಜಿಸಿಸಿ ಸಹಿಸಿಕೊಳ್ಳುತ್ತಿತ್ತು. ಎಫ್-ಕಾಮನ್ ಆಯ್ಕೆ ಕೊಟ್ಟರೆ ಹಳೆಯ ವರ್ತನೆ ಮರಳುತ್ತದೆ. ಯುಇಂಟ್8 ಅಥವಾ ಯುಇಂಟ್32 ಬಗೆ ಗೊತ್ತಿಲ್ಲ ಎಂದರೆ 2023ರ ಜಿಸಿಸಿ 13. ಬೇರೆ ಹೆಡರ್‌ಗಳ ಮೂಲಕ ಪರೋಕ್ಷವಾಗಿ ಒಳಬರುತ್ತಿದ್ದ ಸಿಎಸ್‌ಟಿಡಿಇಂಟ್ ಹೆಡರ್ ಈಗ ಬರುವುದಿಲ್ಲ; ಕಡತದ ತಲೆಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ಘೋಷಿಸದೆ ಫಂಕ್ಷನ್ ಕರೆದದ್ದು ಎಚ್ಚರಿಕೆಯ ಬದಲು ದೋಷವಾಗಿದ್ದರೆ 2024ರ ಜಿಸಿಸಿ 14. ಇಲ್ಲಿ ಮಾತ್ರ ಆಯ್ಕೆ ಕೊಟ್ಟು ಬಾಯಿ ಮುಚ್ಚಿಸಬೇಡಿ, ಸರಿಯಾದ ಘೋಷಣೆ ಸೇರಿಸಿ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ ಹಿಂದಿರುಗಿಸುವ ಫಂಕ್ಷನ್ನನ್ನು ಘೋಷಿಸದೆ ಕರೆದರೆ ಮೇಲಿನ 32 ಬಿಟ್‌ಗಳು ಕಳೆದುಹೋಗಿ ಓಡುವಾಗ ಕುಸಿಯುತ್ತದೆ. ಸಿ ಕಡತದಲ್ಲಿ ಬೂಲ್ ಎಂಬ ಹೆಸರಿನ ಬಗ್ಗೆ ಜಗಳವಾದರೆ 2025ರ ಜಿಸಿಸಿ 15: ಅದರ ಪೂರ್ವನಿಯೋಜಿತ ಭಾಷೆ ಸಿ23, ಅಲ್ಲಿ ಬೂಲ್ ಕೀಲಿಪದ. ಭಾಷೆಯ ಆವೃತ್ತಿಯನ್ನು ಜಿಎನ್‌ಯು17 ಎಂದು ಕೊಡಿ.

ಇಷ್ಟಕ್ಕೂ ಮೊದಲೇ, ಮೆಸಾನ್‌ನಂತೆಯೇ ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಹಂತದಲ್ಲೇ, ಹೊಂದಾಣಿಕೆ ತೆಗೆದುಹಾಕಲಾಗಿದೆ ಎಂದು ನಿಂತರೆ ಅದು 2025ರಲ್ಲಿ ಬಂದ ಸಿಮೇಕ್ 4.0. 3.5ಕ್ಕಿಂತ ಹಳೆಯ ಕನಿಷ್ಠ ಆವೃತ್ತಿ ಕೇಳುವ ಯೋಜನೆಗಳನ್ನು ಅದು ಒಪ್ಪುವುದಿಲ್ಲ. ಪಾಲಿಸಿ ವರ್ಶನ್ ಮಿನಿಮಮ್ ಚರಕ್ಕೆ 3.5 ಕೊಟ್ಟು ದಾಟಬಹುದು.

ಇವುಗಳಲ್ಲಿ ಯಾವುದಕ್ಕೂ ಜಗ್ಗದಿದ್ದರೆ ಹಳೆಯ ವಿತರಣೆಯೊಂದನ್ನು ಕಂಟೇನರಿನಲ್ಲಿ ಹಾಕಿ ಅಲ್ಲೇ ಕಟ್ಟಿ. ಎಸ್‌ಡಿಎಲ್ 1.2 ಬೇಡುವ ಪ್ರೋಗ್ರಾಮಾಗಿದ್ದರೆ ಎಸ್‌ಡಿಎಲ್12-ಕಂಪ್ಯಾಟ್ ಎಂಬ ಲೈಬ್ರರಿ ಅದನ್ನು ಎಸ್‌ಡಿಎಲ್ 2ರ ಮೇಲೆ ಓಡಿಸುತ್ತದೆ. ಆದರೆ ನನ್ನ ಕಳಕಳಿಯ ವಿನಂತಿ: ತಿದ್ದಿದ್ದನ್ನು ಪ್ಯಾಚ್ ಮಾಡಿ ಎಲ್ಲಾದರೂ ಪ್ರಕಟಿಸಿ. ಕೈಬಿಟ್ಟ ಯೋಜನೆಗಳು ಉಳಿಯುವುದು ಯಾರೋ ಒಬ್ಬರು ಸೇರಿಸಿದ ಅಂಥ ಒಂದೊಂದು ಸಾಲಿನಿಂದಲೇ.

ಸೊನ್ನೆಒಂದು

ವೇಗದ ವಿಷಯ ಕೇಳಬೇಕು. ಸೋರ್ಸ್‌ನಿಂದ ಕಟ್ಟಿ ಒ3 (ಹೆಚ್ಚು ಆಪ್ಟಿಮೈಸ್ ಮಾಡು) ಮತ್ತು ಮಾರ್ಚ್-ನೇಟಿವ್ (ಈ ಪ್ರೊಸೆಸರಿಗೆಂದೇ ಕಟ್ಟು) ಎಂಬ ಕಂಪೈಲರ್ ಆಯ್ಕೆಗಳನ್ನು ಹಾಕಿದರೆ ಎಮ್ಯುಲೇಟರ್ ಎಷ್ಟೋ ವೇಗವಾಗುತ್ತದೆ ಎಂದು ಬಹಳ ಜನ ಬರೆಯುತ್ತಾರೆ. ಇದು ನಿಜವೇ?

ಹಳೆಯಂತ್ರ

ಎಮ್ಯುಲೇಟರ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ ನಿಂತಿದೆ. ಈ ಭಾಗ ನನಗೆ ಬಹಳ ಪ್ರಿಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಕ್ಯೂಎಮುವಿನ ಹೃದಯ ಟಿಸಿಜಿ ಎಂಬ ಭಾಗ. ಅತಿಥಿ ಪ್ರೊಸೆಸರಿನ ಆದೇಶಗಳನ್ನು ಅದು ತುಂಡು ತುಂಡಾಗಿ ಎತ್ತಿಕೊಳ್ಳುತ್ತದೆ. ಒಂದು ತುಂಡೆಂದರೆ ಸಾಮಾನ್ಯವಾಗಿ ಮುಂದಿನ ಜಿಗಿತದವರೆಗಿನ ಆದೇಶಗಳು. ಅದನ್ನು ಮಧ್ಯಂತರ ರೂಪಕ್ಕೆ ತಂದು, ಅಲ್ಲಿಂದ ನಿಮ್ಮ ಎಕ್ಸ್86 ಆದೇಶಗಳಾಗಿ ಅನುವಾದಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ತುಂಡು ಮತ್ತೆ ಬಂದಾಗ ಅನುವಾದವನ್ನೇ ನೇರವಾಗಿ ಓಡಿಸುತ್ತದೆ. ಅಂದರೆ ಬಹುಪಾಲು ಸಮಯ ಓಡುತ್ತಿರುವ ಕೋಡನ್ನು ಬರೆದದ್ದು ಜಿಸಿಸಿ ಅಲ್ಲ, ಓಡುವ ಹೊತ್ತಿನಲ್ಲಿ ಟಿಸಿಜಿ. ನೀವು ಜಿಸಿಸಿಗೆ ಯಾವ ಆಯ್ಕೆ ಕೊಟ್ಟರೂ ಆ ಕೋಡಿನ ಗುಣಮಟ್ಟ ಬದಲಾಗುವುದಿಲ್ಲ. ಬದಲಾಗುವುದು ಅನುವಾದಕನ ವೇಗ ಮತ್ತು ಸಹಾಯಕ ಫಂಕ್ಷನ್‌ಗಳ ವೇಗ ಮಾತ್ರ. ದಶಮಾಂಶ ಲೆಕ್ಕಗಳನ್ನು ಕ್ಯೂಎಮು ಹೆಚ್ಚಾಗಿ ತಂತ್ರಾಂಶದಲ್ಲೇ ಮಾಡುವುದರಿಂದ ಅಂಥ ಕೆಲಸದಲ್ಲಿ ಸಣ್ಣ ವ್ಯತ್ಯಾಸ ಕಾಣಬಹುದು. ಡಾಲ್ಫಿನ್‌ನ ಸಿಪಿಯು ಭಾಗವೂ ಹೀಗೆಯೇ ಓಡುವಾಗ ಅನುವಾದಿಸುತ್ತದೆ.

ಪ್ರತಿ ಆದೇಶವನ್ನೂ ಓದಿ ಅರ್ಥೈಸುತ್ತಾ ಹೋಗುವ ಎಮ್ಯುಲೇಟರ್‌ಗಳ ಲೆಕ್ಕ ಬೇರೆ. ಮೇಮ್‌ನ ಅನೇಕ ಸಿಪಿಯು ಭಾಗಗಳು ಆ ಬಗೆಯವು. ಅಲ್ಲಿ ಓಡುವುದೆಲ್ಲ ಕಂಪೈಲರ್ ಬರೆದ ಕೋಡ್, ಆದ್ದರಿಂದ ಕಂಪೈಲರಿನ ಆಯ್ಕೆಗಳು ಅಲ್ಲಿ ಎಣಿಕೆಗೆ ಬರುತ್ತವೆ.

ನಿಖರತೆ ಬಿಟ್ಟು ವೇಗ ಹಿಡಿಯುವ ಫಾಸ್ಟ್-ಮ್ಯಾಥ್ ಆಯ್ಕೆಯನ್ನು ಮಾತ್ರ ಎಮ್ಯುಲೇಟರ್‌ಗೆ ಎಂದಿಗೂ ಕೊಡಬೇಡಿ. ಮೂಲ ಯಂತ್ರ ಕೊಡುತ್ತಿದ್ದ ಉತ್ತರವನ್ನೇ ಕೊನೆಯ ಬಿಟ್‌ವರೆಗೆ ಕೊಡುವುದು ಎಮ್ಯುಲೇಟರ್‌ನ ಧರ್ಮ, ಆ ಆಯ್ಕೆ ಅದನ್ನೇ ಮುರಿಯುತ್ತದೆ. ಹೊಸದಾಗಿ ಕಟ್ಟಿದ್ದು ಪ್ಯಾಕೇಜಿಗಿಂತ ನಿಧಾನವಾಗಿದೆ ಎಂದು ದೂರುವವರಲ್ಲಿ ನಾನು ಮೊದಲು ಕೇಳುವುದು ಬಿಲ್ಡ್ ಟೈಪ್ ಏನು ಎಂದು. ಸಿಮೇಕ್‌ನಲ್ಲಿ ಯೋಜನೆಯೂ ನೀವೂ ಏನನ್ನೂ ಹೇಳದಿದ್ದರೆ ಆ ಚರ ಖಾಲಿ, ಅಂದರೆ ಯಾವ ಆಪ್ಟಿಮೈಸೇಶನ್ನೂ ಇಲ್ಲ. ರಿಲೀಸ್ ಎಂದು ಬರೆಯಿರಿ. ಕ್ಯೂಎಮುವಿನಲ್ಲಿ ಎನೇಬಲ್-ಡೀಬಗ್ ಕೊಟ್ಟಿದ್ದರೂ ಹೀಗೆಯೇ ತೀರಾ ನಿಧಾನವಾಗುತ್ತದೆ.

ಅತಿಥಿ ಮತ್ತು ಆತಿಥೇಯ ಎರಡೂ ಎಕ್ಸ್86 ಆಗಿದ್ದರೆ ಈ ಚರ್ಚೆಯೇ ಬೇಡ, ಕೆವಿಎಂ ಬಳಸಿ. ಆಗ ಅನುವಾದವಿಲ್ಲ, ಪ್ರೊಸೆಸರೇ ನೇರವಾಗಿ ಓಡಿಸುತ್ತದೆ. ಕಿರುಬೈಟ್ ಅವರ ರಿಸ್ಕ್-ಫೈವ್‌ಗೆ ಆ ಅನುಕೂಲ ಸಿಗುವುದಿಲ್ಲ.

ಮೌನಕೋಶ

ವಿಂಡೋಸ್‌ನಲ್ಲಿ ಇದನ್ನು ಮಾಡುವವರಿಗೆ ಚಿಕ್ಕ ಟಿಪ್ಪಣಿ. ಕ್ಯೂಎಮುವಿಗೆ ಎಂಸಿಸ್2, ಅಂದರೆ ಲಿನಕ್ಸ್ ಬಗೆಯ ಬಿಲ್ಡ್ ಉಪಕರಣಗಳ ಕಟ್ಟು, ಬೇಕು. ಅದನ್ನು ಹಾಕಿದಾಗ ಹಲವು ಟರ್ಮಿನಲ್ಲುಗಳು ಬರುತ್ತವೆ. ಯುಸಿಆರ್‌ಟಿ64 ಎಂಬುದನ್ನು ತೆರೆಯಿರಿ, ಪ್ಯಾಕೇಜುಗಳನ್ನೂ ಅದೇ ಹೆಸರಿನ ಗುಂಪಿನಿಂದಲೇ ಹಾಕಿ. ಬರಿಯ ಎಂಸಿಸ್ ಟರ್ಮಿನಲ್ಲಿನಲ್ಲಿ ಶುರುಮಾಡಿದರೆ ಹಾಕಿಕೊಂಡ ಲೈಬ್ರರಿ ಒಂದೂ ಕಾಣುವುದಿಲ್ಲ.

ಕಿರುಬೈಟ್

ಡೆವ್ ಪ್ಯಾಕೇಜುಗಳನ್ನು ಹಾಕಿ, ಬಿಲ್ಡ್ ಫೋಲ್ಡರ್ ಅಳಿಸಿ, ಒಂದೇ ಟಾರ್ಗೆಟ್ ಕೊಟ್ಟು ಮತ್ತೆ ಕಟ್ಟಿದೆ. ಈ ಸಲ ಯಂತ್ರ ಸ್ತಬ್ಧವಾಗಲಿಲ್ಲ. ಕಿಟಕಿ ತೆರೆಯಿತು, ಅತಿಥಿ ಡೆಬಿಯನ್ ಇಂಟರ್‌ನೆಟ್‌ನಿಂದ ಪ್ಯಾಕೇಜುಗಳನ್ನೂ ಇಳಿಸಿಕೊಂಡಿತು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ಉಳಿದಿರುವುದು ಎರಡು ಪ್ರಶ್ನೆ. ಅತಿಥಿ ಯಂತ್ರಗಳನ್ನು ನಿರ್ವಹಿಸುವ ವರ್ಟ್-ಮ್ಯಾನೇಜರ್ ಇನ್ನೂ ಹಳೆಯ ಕ್ಯೂಎಮುವನ್ನೇ ಓಡಿಸುತ್ತಿದೆ. ಎರಡನೆಯದು, ನನ್ನ ಗೆಳೆಯನೊಬ್ಬನಿಗೂ ಇದು ಬೇಕಂತೆ. ನಾನು ಕಟ್ಟಿದ ಬೈನರಿಯನ್ನೇ ಅವನಿಗೆ ಕಳುಹಿಸಬಹುದೇ?

ಹಳೆಯಂತ್ರ

ವರ್ಟ್-ಮ್ಯಾನೇಜರ್ ಹಿಂದೆ ಇರುವುದು ಲಿಬ್‌ವರ್ಟ್. ಪ್ರತಿ ಅತಿಥಿ ಯಂತ್ರದ ಎಕ್ಸ್‌ಎಂಎಲ್ ಕಡತದಲ್ಲಿ ಎಮ್ಯುಲೇಟರ್ ಎಂಬ ಸಾಲಿದ್ದು, ಅದರಲ್ಲಿ ಬೈನರಿಯ ಪೂರ್ಣ ವಿಳಾಸ ಬರೆದಿರುತ್ತದೆ. ವರ್ಷ್ ಎಡಿಟ್ ಆದೇಶದಿಂದ ಆ ಸಾಲನ್ನು ಬದಲಾಯಿಸಿ. ಬೈನರಿ ನಿಮ್ಮ ಮನೆ ಫೋಲ್ಡರಿನಲ್ಲಿದ್ದರೆ ಆ್ಯಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆಯಬಹುದು, ಆದ್ದರಿಂದ ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ ಅನ್ನು ಆಪ್ಟ್ ಫೋಲ್ಡರಿನೊಳಗಿನ ಒಂದು ಪ್ರತ್ಯೇಕ ಜಾಗಕ್ಕೆ ಕೊಟ್ಟು ಇನ್‌ಸ್ಟಾಲ್ ಮಾಡುವುದು ಲೇಸು. ಆಗಲೂ ತಡೆದರೆ ಆ ವಿಳಾಸಕ್ಕೆ ನಿಯಮ ಸೇರಿಸಬೇಕು. ವಿತರಣೆಯ ಕಡತಗಳ ಮೇಲೆ ಮಾತ್ರ ಎಂದೂ ಬರೆಯಬೇಡಿ. ಪ್ರತ್ಯೇಕ ಜಾಗವಿದ್ದರೆ ತೆಗೆಯುವುದೂ ಸುಲಭ, ಆ ಫೋಲ್ಡರ್ ಅಳಿಸಿದರಾಯಿತು.

ಗೆಳೆಯನ ವಿಷಯ. ಕ್ಯೂಎಮುವಿನ ಒಟ್ಟು ಪರವಾನಗಿ ಜಿಪಿಎಲ್ ಆವೃತ್ತಿ 2. ಬೈನರಿ ಹಂಚಬಹುದು, ಆದರೆ ಅದಕ್ಕೆ ಸರಿಹೊಂದುವ ಸೋರ್ಸ್ ಒದಗಿಸುವ ಹೊಣೆಯೂ ನಿಮ್ಮದಾಗುತ್ತದೆ. ತಾಂತ್ರಿಕ ಅಡ್ಡಿಗಳು ಇನ್ನೂ ಹೆಚ್ಚು. ಅವನ ಯಂತ್ರದ ಜಿಲಿಬ್‌ಸಿ (ಮೂಲ ಸಿ ಲೈಬ್ರರಿ) ನಿಮ್ಮದಕ್ಕಿಂತ ಹಳೆಯದಾಗಿದ್ದರೆ ಬೈನರಿ ಶುರುವಾಗದೇ ಹೋಗಬಹುದು. ಲಿಬ್‌ಸ್ಲರ್ಪ್ ಅಲ್ಲಿ ಇಲ್ಲದಿದ್ದರೂ ಅದೇ ಗತಿ. ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ಎಲ್‌ಡಿಡಿ ತೋರಿಸುತ್ತದೆ. ಮಾರ್ಚ್-ನೇಟಿವ್ ಹಾಕಿ ಕಟ್ಟಿದ್ದು ಅವನ ಹಳೆಯ ಪ್ರೊಸೆಸರಿನಲ್ಲಿ ಅಕ್ರಮ ಆದೇಶ ಎಂಬ ಒಂದೇ ಸಾಲಿನೊಂದಿಗೆ ಸಾಯಬಹುದು. ಬೈನರಿಯೊಂದನ್ನೇ ಎತ್ತಿ ಕಳುಹಿಸಿದರೆ ಅದರ ಫರ್ಮ್‌ವೇರ್ ಕಡತಗಳು ಹಿಂದೆಯೇ ಉಳಿಯುತ್ತವೆ. ರಿಸ್ಕ್-ಫೈವ್‌ಗೆ ಬೇಕಾದ ಓಪನ್‌ಎಸ್‌ಬಿಐ ಎಂಬ ಫರ್ಮ್‌ವೇರ್ ಸಿಗದೆ ನಿಲ್ಲುತ್ತದೆ.

ಅವನಿಗೆ ಮೂರು ಸಂಗತಿ ಬರೆದು ಕಳುಹಿಸಿ: ನೀವು ಹಾಕಿದ ಡೆವ್ ಪ್ಯಾಕೇಜುಗಳ ಹೆಸರು, ನೀವು ತೆಗೆದುಕೊಂಡ ಆವೃತ್ತಿಯ ಟ್ಯಾಗ್, ನೀವು ಕೊಟ್ಟ ಕಾನ್ಫಿಗರ್ ಸಾಲು. ಆ ಸಾಲು ನೆನಪಿಲ್ಲದಿದ್ದರೆ ಬಿಲ್ಡ್ ಫೋಲ್ಡರಿನೊಳಗೆ ಕಾನ್ಫಿಗ್ ಡಾಟ್ ಸ್ಟೇಟಸ್ ಎಂಬ ಕಡತವಿದೆ, ಅದರಲ್ಲಿ ಯಥಾವತ್ತಾಗಿ ಸಿಗುತ್ತದೆ.